ಅರ್ಧ ಗೋಡೆಯ ಮಾಲೀಕ

ಸೆಕ್ಷನ್ನಪ್ಪನ ಮನೆಯ ಗೋಡೆಯೊಳಗೆ ಸದ್ದು ಶುರುವಾದದ್ದು ಮಟಮಟ ಮಧ್ಯಾಹ್ನದಲ್ಲಿ. ಇಂಥ ಸದ್ದುಗಳು ಕತ್ತಲಾದ ಮೇಲೆಯೇ ಬರಬೇಕೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಬರೆದಿದ್ದರೆ ಸೆಕ್ಷನ್ನಪ್ಪನಿಗೆ ಅದು ಬಾಯಿಪಾಠ ಆಗಿರುತ್ತಿತ್ತು.

ಹೆತ್ತವರು ಅವನಿಗೆ ಒಳ್ಳೆಯ ಹೆಸರನ್ನೇ ಇಟ್ಟಿದ್ದರು, ಪಾಪ. ಆದರೆ ಅವನು ಹೋಗಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿಕೊಂಡ. ಆ ವಕೀಲರ ಕೈಗೆ ಬರುತ್ತಿದ್ದವೆಲ್ಲ ಆಸ್ತಿ ಹಾನಿಯ ಕೇಸುಗಳು. ಬೇಲಿ ಕಿತ್ತವರು, ಕಿಟಕಿಗೆ ಕಲ್ಲು ಬೀಸಿದವರು, ಅಣ್ಣನ ಮೇಲಿನ ಸಿಟ್ಟನ್ನು ಅಣ್ಣನ ಸ್ಕೂಟರಿನ ಸೀಟಿನ ಮೇಲೆ ತೀರಿಸಿಕೊಂಡವರು. ಇವರ ಕಥೆಗಳನ್ನು ಟೈಪಿನಲ್ಲಿ ಕುಟ್ಟಿ ಕುಟ್ಟಿ ಆ ಕಾನೂನು ಬೆರಳಿನಿಂದ ತಲೆಗೆ ಏರಿ ಅಲ್ಲೇ ಬಿಡಾರ ಹೂಡಿತು. ಬೀದಿಯಲ್ಲಿ ಯಾರ ಮನೆಯಲ್ಲಿ ಒಂದು ಲೋಟ ಬಿದ್ದು ಒಡೆದರೂ, ಬೀದಿಯವರೇ ಹೆಸರಿಟ್ಟ ಈ ಸೆಕ್ಷನ್ನಪ್ಪ ಹೊಸ್ತಿಲಲ್ಲಿ ಹಾಜರು.

"ಲೋಟ ಯಾರದು? ನಿಮ್ಮದೇ ತಾನೆ? ಹಾಗಾದ್ರೆ ನಿಶ್ಚಿಂತೆಯಾಗಿರಿ. ತನ್ನ ಸ್ವತ್ತನ್ನ ತಾನೇ ಪುಡಿ ಮಾಡ್ಕೊಂಡ್ರೆ ಅಪರಾಧ ಇಲ್ಲ. ಪಕ್ಕದವರದ್ದಾಗಿದ್ರೆ, ಬೇಕೂಂತ ಒಂದು ಗೀರು ಎಳೆದಿದ್ರೂ ಒಳಗೆ ಹೋಗ್ತಿದ್ರಿ."

ಲೋಟ ಕಳೆದುಕೊಂಡವರಿಗೆ ಇದರಿಂದ ಎಷ್ಟು ಸಮಾಧಾನವಾಗುತ್ತಿತ್ತೋ ದೇವರೇ ಬಲ್ಲ.

ಅವನಿದ್ದದ್ದು ಸಾಲುಮನೆಯಲ್ಲಿ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದೇ ಗೋಡೆ. ಬಲಗಡೆ ಮನೆಗೆ ಬೀಗ ಬಿದ್ದು ಯಾವ ಕಾಲವಾಗಿತ್ತೋ, ಬೀಗವೂ ಚಿಲಕವೂ ತುಕ್ಕು ಹಿಡಿದು ಒಂದೇ ಮುದ್ದೆಯಾಗಿದ್ದವು. ಮಾಲೀಕ ಯಾರೆಂದು ಯಾರಿಗೂ ಗೊತ್ತಿಲ್ಲ. ಆ ಕಡೆಯ ಗೋಡೆಗೆ ಒತ್ತಿಕೊಂಡು ಸೆಕ್ಷನ್ನಪ್ಪನ ಹೆಂಡತಿಯ ಹೊಲಿಗೆ ಮಿಷನ್ ಇತ್ತು. ಬೀದಿಯ ಕಿಟಕಿ ಪರದೆಗಳೆಲ್ಲ ಅಲ್ಲಿಂದಲೇ ಹೊರಟಂಥವು.

ಒಂದು ಮಧ್ಯಾಹ್ನ ದಾರ ತುಂಡಾಯಿತೆಂದು ಅವಳು ಮಿಷನ್ ನಿಲ್ಲಿಸಿದಳು. ಮಿಷನ್ ನಿಂತಿತು, ಸದ್ದು ನಿಲ್ಲಲಿಲ್ಲ. ಗೋಡೆಯೊಳಗೆ ಅದೇ ಲಯದಲ್ಲಿ ಟಕ ಟಕ ಟಕ ಎಂದು ಇನ್ನೂ ಸ್ವಲ್ಪ ದೂರ ಹೋಗಿ, ಜೊತೆಗೆ ಯಾರೂ ಇಲ್ಲವೆಂದು ತಿಳಿದ ಮೇಲೆ ನಿಂತಿತು. ಅವಳು ದಾರ ಪೋಣಿಸಿ ಮತ್ತೆ ಹೊಲಿದಳು, ಮತ್ತೆ ನಿಲ್ಲಿಸಿದಳು. ಮತ್ತೆ ಅದೇ.

"ರೀ, ಆಚೆ ಮನೆಯಲ್ಲಿ ಯಾರೋ ನನ್ನ ಜೊತೆ ಹೊಲೀತಿದಾರೆ" ಎಂದಳು ಸಂಜೆ ಗಂಡನಿಗೆ.

"ಇಲಿ ಇರ್ಬೇಕು."

"ಇಲಿ ಹೊಲಿಗೆ ಹಾಕುತ್ತಾ?"

ರಜೆಯ ದಿನ ಅವನೇ ಗೋಡೆಗೆ ಕಿವಿ ಹಚ್ಚಿ ಕೇಳಿದ. ಜಡ್ಜ್ ಸಾಹೇಬರು ಒಳಗೆ ಬಂದಾಗ ಕೋರ್ಟಿನ ಮಂದಿ ಏಳುವ ಹಾಗೆ ಅವನ ಮೈಮೇಲಿನ ಕೂದಲೆಲ್ಲ ಒಟ್ಟಿಗೆ ಎದ್ದು ನಿಂತವು.

"ಬೀಗ ಒಡೆದು ನೋಡಿಬಿಡೋಣ" ಎಂದಳು ಹೆಂಡತಿ.

"ಬೀಗ ಪರರ ಸ್ವತ್ತು ಕಣೇ. ಮುಟ್ಟಿದ್ರೆ ಕೇಸು."

"ಗೋಡೆ?"

ಸೆಕ್ಷನ್ನಪ್ಪನ ಮುಖ ಬೆಳಗಿತು. ಜಂಟಿ ಗೋಡೆಯ ಅರ್ಧ ದಪ್ಪ ಈ ಕಡೆಯವನದು, ಅರ್ಧ ದಪ್ಪ ಆ ಕಡೆಯವನದು ಎಂದು ಅವನು ಆಫೀಸಿನಲ್ಲಿ ಎಷ್ಟು ಸಲ ಟೈಪ್ ಕುಟ್ಟಿರಲಿಕ್ಕಿಲ್ಲ. ತನ್ನ ಅರ್ಧವನ್ನು ಒಡೆದುಕೊಂಡರೆ ಕೇಳುವವರು ಯಾರು? ಉಳಿದರ್ಧ ತೆಳ್ಳಗಾಗುತ್ತದೆ, ಕಿವಿ ಇಟ್ಟರೆ ಎಲ್ಲ ಕೇಳುತ್ತದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹೊರಗೆ ಹೋಗಿ ಗೋಡೆಯ ದಪ್ಪ ಅಳೆದು ಬಂದು, ಹೆಂಡತಿಯ ಡಬ್ಬಿಯಿಂದ ಕೆಂಪು ದಾರ ತೆಗೆದು, ಉಳಿಗೆ ಸರಿಯಾಗಿ ಅರ್ಧ ದಪ್ಪದ ಗುರುತಿಗೆ ಬಿಗಿಯಾಗಿ ಸುತ್ತಿದ.

"ಈ ದಾರದ ತನಕ ನಾನು ರಾಜ. ದಾಟಿದ್ರೆ ಕೈದಿ" ಎಂದ.

ಮೊದಲ ಏಟಿಗೇ ಎದುರುಮನೆ ಅಜ್ಜಿಯ ಧ್ವನಿ ರಸ್ತೆ ದಾಟಿ ಬಂತು. ಕಿಟಕಿಯಲ್ಲಿ ಕೂರುವುದು ಆಕೆಯ ಪೂರ್ಣಾವಧಿ ಉದ್ಯೋಗ, ರಜೆ ಇಲ್ಲ.

"ಏನಪ್ಪಾ, ಮನೆ ಬೀಳಿಸ್ತಿದೀಯಾ?"

"ಅರ್ಧ ಗೋಡೆ ಮಾತ್ರ ಅಜ್ಜಿ."

"ಇನ್ನರ್ಧ?"

"ಅದರ ಮೇಲೆ ನನಗೆ ಹಕ್ಕಿಲ್ಲ."

ತಟ್ಟೆಯಷ್ಟಗಲದ ಚೌಕ ಹಾಕಿಕೊಂಡು ಕೆತ್ತಿದ. ದಾರ ಇಟ್ಟಿಗೆಗೆ ತಾಗಿದೊಡನೆ ಸುತ್ತಿಗೆ ಕೆಳಗಿಟ್ಟು, ಆ ಕಡೆಯವರ ಅರ್ಧ ಸುರಕ್ಷಿತವಾಗಿದೆಯೇ ಎಂದು ಬೆರಳು ಹಾಕಿ ಮುಟ್ಟಿ ನೋಡಿದ. ಬೆರಳಿಗೆ ಏನೂ ಸಿಗಲಿಲ್ಲ. ಕೈ ಹಾಕಿದ, ಭುಜದವರೆಗೂ ಹೋಯಿತು. ಟಾರ್ಚ್ ಹಿಡಿದು ನೋಡಿದರೆ, ಆ ಕಡೆಯ ಅರ್ಧವನ್ನು ಯಾರೋ ಆಗಲೇ ಕೆತ್ತಿ ತೆಗೆದಿದ್ದರು. ಅದೇ ಎತ್ತರ, ಅದೇ ಅಗಲ, ಅಂಚು ಅಂಚಿಗೆ ಕೂಡುವ ಹಾಗೆ. ಆಚೆ ಕೋಣೆಯ ನೆಲದಲ್ಲಿ ಒಂದು ಚೂರು ಪುಡಿ ಇರಲಿಲ್ಲ, ಗುಡಿಸಿತ್ತು. ತೂತಿಗೆ ಮುಖ ಮಾಡಿ ಒಂದು ಕುರ್ಚಿ ಇತ್ತು. ಕುರ್ಚಿಯ ಮೇಲೆ ಒಂದು ಉಳಿ, ಉಳಿಗೆ ಸುತ್ತಿದ ಕೆಂಪು ದಾರ.

ಹೆಂಡತಿ ಇಣುಕಿ ನೋಡಿದಳು. "ಆ ದಾರ ನಾನು ಕೊಳ್ಳೋ ಅಂಗಡಿಯದೇ" ಎಂದಳು.

ಸೆಕ್ಷನ್ನಪ್ಪ ಓಡಿ ಹೋಗಿ ಕ್ಯಾಲೆಂಡರ್ ತಂದು ತೂತಿನ ಮೇಲೆ ನೇತುಹಾಕಿದ. ಫ್ಯಾನ್ ಆಫ್ ಆಗಿತ್ತು, ಆದರೂ ಕ್ಯಾಲೆಂಡರಿನ ಹಾಳೆಗಳು ಆ ಕಡೆಯಿಂದ ಯಾರೋ ಉಸಿರು ಬಿಡುತ್ತಿರುವ ಹಾಗೆ ಒಂದೇ ಸಮನೆ ಏಳುತ್ತ ಬೀಳುತ್ತ ಇದ್ದವು. ಅಂದು ಮನೆಯಲ್ಲಿ ಯಾರೂ ಆ ಗೋಡೆಗೆ ಬೆನ್ನು ಮಾಡಿ ಕೂರಲಿಲ್ಲ.

ಮೊದಲು ದೂರು ಕೊಟ್ಟವನೇ ಅರ್ಧ ಗೆದ್ದವನು ಎನ್ನುವುದು ವಕೀಲರ ಆಫೀಸಿನ ಮಾತು. ಮಾರನೆಯ ಬೆಳಿಗ್ಗೆ ಸೆಕ್ಷನ್ನಪ್ಪ ಠಾಣೆಗೆ ಓಡಿದ. ಕಾಗದಪತ್ರ ಹಿಡಿದು ಓಡಾಡುತ್ತಿದ್ದವನಾದ್ದರಿಂದ ಅಲ್ಲಿನ ಸಾಹೇಬರಿಗೆ ಅವನ ಪರಿಚಯವಿತ್ತು.

"ಬನ್ನಿ ಬನ್ನಿ, ನಿಮ್ಮನ್ನೇ ಕರೆಸೋಣ ಅಂತಿದ್ದೆ" ಎಂದರು ಸಾಹೇಬರು. "ಫೋನಿನಲ್ಲಿ ದೂರು ಬಂದಿದೆ. ಪಕ್ಕದ ಮನೆಯವರಂತೆ. ಗೋಡೆಯಲ್ಲಿ ಅವರ ಕಡೆ ಅರ್ಧ ಬಿಟ್ಟು ಉಳಿದದ್ದನ್ನ ಯಾರೋ ಒಡೆದಿದಾರಂತೆ."

"ಪಕ್ಕದ ಮನೇಲಿ ಯಾರೂ ಇಲ್ಲ ಸಾರ್."

"ಫೋನ್ ಮಾಡಿದವನು ಇದಾನಲ್ರೀ. ಮೊದಲು ನೀವೇ ತಮಾಷೆ ಮಾಡ್ತಿದೀರಿ ಅಂದ್ಕೊಂಡೆ. ಧ್ವನಿ ಪಡಿಯಚ್ಚು ನಿಮ್ಮದೇ. ಮಾತಿಗೊಂದು ಸೆಕ್ಷನ್ ಬೇರೆ."

ಅವರು ಕೇಳುವುದಕ್ಕೆ ಮುಂಚೆಯೇ ಸೆಕ್ಷನ್ನಪ್ಪ "ನಾನಲ್ಲ ಸಾರ್" ಎಂದು ಒಂದೇ ಉಸಿರಿಗೆ ಉಳಿ, ದಾರ, ಅರ್ಧ ದಪ್ಪ ಎಲ್ಲವನ್ನೂ ಒದರಿಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇಂಥವರನ್ನು ಕಂಡೇ ಹುಟ್ಟಿದ ಗಾದೆ.

ಸಾಹೇಬರು ದಫೇದಾರನನ್ನು ಕರೆದುಕೊಂಡು ಸ್ಥಳಕ್ಕೆ ಬಂದರು. ದಫೇದಾರ ಹಳೆಯ ಹುಲಿ, ಕದ್ದ ಸೈಕಲಿನಿಂದ ಹಿಡಿದು ಕದ್ದ ಹಸುವಿನ ತನಕ ಎಲ್ಲಕ್ಕೂ ಮಹಜರು ಬರೆದವನು. ತೂತಿನ ಮುಂದೆ ಮಾತ್ರ ಅವನ ಪೆನ್ನು ನಿಂತಿತು.

"ಸಾರ್, ತೂತನ್ನ ವಶಪಡಿಸಿಕೊಳ್ಳೋದು ಹೇಗೆ?"

"ಉದ್ದ ಇಷ್ಟು ಅಗಲ ಇಷ್ಟು ಅಂತ ಬರಿಯಯ್ಯಾ."

"ಒಳಗೆ ಏನಿತ್ತು ಅಂತ ಬರೀಲಿ?"

"ಏನಿದೆ ನೋಡಿ ಬರಿ."

ದಫೇದಾರ ಕ್ಯಾಲೆಂಡರ್ ಸರಿಸಿ ತಲೆ ತೂರಿಸಿದ. "ಕುರ್ಚಿ ಇದೆ ಸಾರ್, ಖಾಲಿ. ಟೀಪಾಯಿ ಮೇಲೆ ಕಾಫಿ ಲೋಟ ಇದೆ." ಸ್ವಲ್ಪ ತಡೆದು, ತಲೆ ಹೊರಗೆ ತೆಗೆಯದೆ, ಸಣ್ಣ ಧ್ವನಿಯಲ್ಲಿ ಹೇಳಿದ. "ಹಬೆ ಬರ್ತಿದೆ ಸಾರ್."

ಸಾಹೇಬರು ಹೊರಗೆ ಹೋಗಿ ಪಕ್ಕದ ಮನೆಯ ಬೀಗ ನೋಡಿದರು. ಬೀಗದ ಮೇಲೆ ಜೇಡ ಕಟ್ಟಿದ ಬಲೆ ಹರಿದಿರಲಿಲ್ಲ.

"ಒಡೀರಿ ಬೀಗಾನ" ಎಂದರು.

ದಫೇದಾರ ಸಲಾಕೆ ಎತ್ತಿದ. ಅಷ್ಟಾಗಿದ್ದರೆ ಒಳಗೆ ಹೋಗಿ ಆ ಅರ್ಧ ಒಡೆದವನನ್ನು ಹಿಡಿದುಕೊಂಡು ಬರುತ್ತಿದ್ದರು, ಸೆಕ್ಷನ್ನಪ್ಪ ಕಾಲು ಚಾಚಿ ಮಲಗಬಹುದಿತ್ತು. ಆದರೆ ಬಾಯಿ ಎಂಬುದೊಂದು ಇದೆಯಲ್ಲ.

"ಸಾರ್, ಕ್ಷಮಿಸಿ. ಮಾಲೀಕನ ಒಪ್ಪಿಗೆ ಇಲ್ಲದೆ ಬೀಗ ಒಡೆದ್ರೆ ಅದೂ ಆಸ್ತಿ ಹಾನಿ. ನಾಳೆ ನಿಮ್ಮ ಮೇಲೇ ಬರುತ್ತೆ. ಒಪ್ಪಿಗೆ ಇದ್ರೆ ಮಾತ್ರ ಬಚಾವು."

ಸಾಹೇಬರಿಗೆ ಆ ಮನೆಯೊಳಗೆ ಹೋಗದಿರಲು ಒಂದು ಕಾರಣ ಬೇಕಾಗಿತ್ತು, ಇಷ್ಟು ಗೌರವಸ್ಥ ಕಾರಣ ಸಿಕ್ಕೀತೆಂದು ಅವರು ಎಣಿಸಿರಲಿಲ್ಲ. "ಹೌದಲ್ರೀ" ಎಂದು ದಫೇದಾರನ ಕೈಯ ಸಲಾಕೆ ಇಳಿಸಿದರು. "ಹಾಗಾದ್ರೆ ಹೀಗೆ ಮಾಡೋಣ. ಆ ಕಡೆ ಅರ್ಧ ಒಡೆದವನು ಬಂದು ನಾನೇ ಒಡೆದೆ ಅಂತ ಒಪ್ಕೋಬೇಕು. ಇಲ್ಲ ಅಂದ್ರೆ ಅದೂ ನಿಮ್ಮದೇ ಕೆಲಸ. ನಾಳೆ ಬೆಳಿಗ್ಗೆ ಬರ್ತೀನಿ, ಬೇಡಿ ತರ್ತೀನಿ."

"ನಿಮ್ಮ ಬಾಯಿಗೆ ಯಾರಾದ್ರೂ ಬೀಗ ಹಾಕಿದ್ರೆ, ಅದನ್ನ ಒಡೆಯೋಕೆ ನಾನಂತೂ ಒಪ್ಪಿಗೆ ಕೊಡ್ತಿರ್ಲಿಲ್ಲ" ಎಂದಳು ಹೆಂಡತಿ. ಹೇಳಿದ್ದು ತಮಾಷೆಗಲ್ಲ, ಅವಳ ಕಣ್ಣು ತುಂಬಿತ್ತು.

ವಕೀಲರ ಹತ್ತಿರ ಹೋದರೆ ಅವರು ಕನ್ನಡಕ ಒರೆಸಿದರು. "ನೋಡಿ, ವಕೀಲನಿಗೆ ಕೇಸು ಬೇಕು ನಿಜ. ಆದ್ರೆ ಟೈಪಿಸ್ಟ್ ಮೇಲೇ ಕೇಸಾದ್ರೆ ಕಕ್ಷಿದಾರರು ಏನಂದ್ಕೋತಾರೆ? ಬೇಡಿ ಬಿದ್ರೆ ಇಲ್ಲಿಗೆ ಬರ್ಬೇಡಿ. ನಿಮ್ಮ ಕೇಸು ಬೇಕಾದ್ರೆ ನಾನೇ ನಡೆಸಿಕೊಡ್ತೀನಿ. ಫೀಸು ಮಾಮೂಲು."

ಕೆಲಸವೂ ಹೋಗುವುದು, ಮಾನವೂ ಹೋಗುವುದು, ಜೈಲು ಸಿಗುವುದು. ಸಂಜೆ ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ ಸೆಕ್ಷನ್ನಪ್ಪ ಸ್ಟೂಲು ಹಾಕಿಕೊಂಡು ತೂತಿನ ಮುಂದೆ ಕೂತ. ಕ್ಯಾಲೆಂಡರ್ ತೆಗೆದ. ಗಂಟಲು ಸರಿಮಾಡಿಕೊಂಡು, ನೋಟೀಸಿನ ಭಾಷೆಯಲ್ಲಿ ಶುರುಮಾಡಿದ.

"ಆಚೆ ಕಡೆಯ ಮಾನ್ಯರೇ, ಈ ಮೂಲಕ ತಮಗೆ ತಿಳಿಸುವುದೇನೆಂದರೆ..."

ಕುರ್ಚಿ ಕಿರ್ರೆಂದಿತು. ಯಾರೋ ಕೂತರು.

"ಯಾರದು?" ಎಂದಿತು ಒಂದು ಧ್ವನಿ. ಸೆಕ್ಷನ್ನಪ್ಪನದೇ ಧ್ವನಿ, ಸ್ವಲ್ಪ ದಣಿದಿತ್ತು ಅಷ್ಟೆ.

"ಪಕ್ಕದ ಮನೆಯವನು."

"ಸುಳ್ಳು ಹೇಳ್ಬೇಡಿ. ಪಕ್ಕದ ಮನೆಗೆ ಬೀಗ ಬಿದ್ದು ಯಾವ ಕಾಲವಾಯ್ತೋ."

"ಬೀಗ ಬಿದ್ದಿರೋದು ನಿಮ್ಮ ಮನೆಗೆ ಸ್ವಾಮಿ."

"ನಾನು ಈಗ ತಾನೇ ಆಫೀಸಿಂದ ಬಂದೆ. ಬಾಗಿಲು ತೆಗೆದೇ ಇದೆ."

ಸೆಕ್ಷನ್ನಪ್ಪ ಮೆಲ್ಲಗೆ ತಿರುಗಿ ತನ್ನ ಬಾಗಿಲು ನೋಡಿದ. ಅದೂ ತೆಗೆದೇ ಇತ್ತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದ ಹಾಗಾಯಿತು. ಆದರೆ ಈಗ ಗವಾಕ್ಷಿಯ ಯಾವ ಕಡೆ ಇರುವುದು ಪಿಶಾಚಿ ಎಂಬುದೇ ಖಚಿತವಿರಲಿಲ್ಲ. ಅವನಿಗೆ ಓಡಬೇಕೆನ್ನಿಸಿತು. ಬೆಳಿಗ್ಗೆ ಬರುವ ಬೇಡಿಯನ್ನು ನೆನೆದು ಕೂತ.

"ಗೋಡೆ ಎಷ್ಟು ಒಡೆದ್ರಿ?" ಎಂದು ಕೇಳಿದ.

"ನನ್ನ ಅರ್ಧ ಮಾತ್ರ. ಉಳಿಗೆ ದಾರ ಸುತ್ತಿಕೊಂಡು. ಉಳಿದರ್ಧ ಮುಟ್ಟಿಲ್ಲ, ಆದ್ರೂ ನನ್ನ ಮೇಲೆ ಕೇಸು ಹಾಕ್ತಾರಂತೆ. ನಾಳೆ ಬೆಳಿಗ್ಗೆ ತನಕ ಟೈಮ್ ಕೊಟ್ಟಿದಾರೆ. ಹೀಗಾಗಬಾರದು ಅಂತಲೇ ಮೊದಲೇ ಫೋನ್ ಮಾಡಿ ದೂರು ಕೊಟ್ಟಿದ್ದೆ."

"ನನಗೂ ಹಾಗೇ ಆಗಿದೆ. ನಾಳೆ ನಿಮ್ಮ ಅರ್ಧ ನೀವು ಒಪ್ಕೊಳ್ಳಿ, ನನ್ನ ಅರ್ಧ ನಾನು ಒಪ್ಕೋತೀನಿ. ಇಬ್ಬರೂ ಪಾರು."

"ಮಾತು ಕೊಡಿ" ಎಂದರು ಇಬ್ಬರೂ ಒಟ್ಟಿಗೆ. "ಕೊಟ್ಟೆ" ಎಂದರು ಇಬ್ಬರೂ ಒಟ್ಟಿಗೆ.

ಬೆಳಿಗ್ಗೆ ಸಾಹೇಬರು ಬಂದಾಗ ಮನೆ ತುಂಬ ಜನ. ಎದುರುಮನೆ ಅಜ್ಜಿಯೂ ಕಿಟಕಿ ಬಿಟ್ಟು ರಸ್ತೆ ದಾಟಿ ಬಂದು ಒಳ್ಳೆಯ ಜಾಗ ಹಿಡಿದಿದ್ದಳು. ಸಾಹೇಬರು ಲಾಠಿಯಿಂದ ತೂತಿನ ಅಂಚಿಗೆ ತಟ್ಟಿದರು.

"ಯಾರ್ರೀ ಒಳಗೆ? ಯಾವ ಠಾಣೆ ವ್ಯಾಪ್ತಿಯವರು?"

"ನಿಮ್ಮ ಠಾಣೆಯೇ ಸಾರ್" ಎಂದಿತು ಧ್ವನಿ, ವಿನಯದಿಂದ. "ನಿನ್ನೆ ಇಲ್ಲಿಗೂ ಬಂದಿದ್ರಲ್ಲ. ಆಚೆ ಮನೆ ಬೀಗ ಒಡೆಯೋಕೆ ಮಾಲೀಕನ ಒಪ್ಪಿಗೆ ಬೇಕು ಅಂತ ವಾಪಸ್ ಹೋದ್ರಿ."

ಕಳ್ಳರಿಗೆ ಹೆದರದ, ಮೇಲಧಿಕಾರಿಗಳಿಗೂ ಅಷ್ಟಾಗಿ ಹೆದರದ ಸಾಹೇಬರು ಅಂದು ತಮಗೆ ತಾವೇ ಹೆದರಿದರು. ಟೋಪಿ ತೆಗೆದು ನೆತ್ತಿ ಒರೆಸಿಕೊಂಡರು. ಆದರೂ ಕರ್ತವ್ಯ ಕರ್ತವ್ಯವೇ.

"ನಿಮ್ಮ ಕಡೆ ಅರ್ಧ ಒಡೆದದ್ದು ಯಾರು?"

"ನಾನೇ ಸಾರ್."

"ಬರೀ ಬಾಯಿಮಾತು ನಡೆಯಲ್ಲ. ಹೆಬ್ಬೆಟ್ಟು ಒತ್ತಿ."

ತೂತಿನಿಂದ ಒಂದು ಕೈ ಬಂತು. ಜನವೆಲ್ಲ ಒಂದು ಹೆಜ್ಜೆ ಹಿಂದೆ ಸರಿದು ಅಜ್ಜಿಯ ಕಾಲು ತುಳಿದರು. ಸೆಕ್ಷನ್ನಪ್ಪನ ಹೆಂಡತಿ ಮಾತ್ರ ಸರಿಯಲಿಲ್ಲ. ಅಂಗಿಯ ತೋಳಿನ ಗುಂಡಿ ಕಿತ್ತುಹೋಗಿ ದಾರ ಜೋತಾಡುತ್ತಿತ್ತು, ಅವಳು ಅದನ್ನೇ ನೋಡುತ್ತಿದ್ದಳು. ದಫೇದಾರ ಆ ಬೆರಳನ್ನು ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಿಸಿದ. "ಬಾವಿ ನೀರಿನ ಹಾಗೆ ತಣ್ಣಗಿದೆ ಸಾರ್ ಕೈ" ಎಂದು ಪಿಸುಗುಟ್ಟಿದ. ಪಕ್ಕದಲ್ಲೇ ಸೆಕ್ಷನ್ನಪ್ಪನ ಹೆಬ್ಬೆಟ್ಟನ್ನೂ ಒತ್ತಿಸಿದ. ಆಫೀಸಿನ ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಸೆಕ್ಷನ್ನಪ್ಪನ ಹೆಬ್ಬೆರಳಿನಲ್ಲಿ ಓರೆಯಾಗಿ ಒಂದು ಗಾಯದ ಗೆರೆ ಉಳಿದಿತ್ತು. ಎರಡು ಗುರುತಿನಲ್ಲೂ ಆ ಬಿಳಿ ಗೆರೆ ಇತ್ತು. ಅದೇ ಓರೆ, ಅದೇ ಉದ್ದ.

ಸಾಹೇಬರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನೋಡುತ್ತ ನೋಡುತ್ತ ಅವರ ಮುಖಕ್ಕೆ ಕಳೆ ಬಂತು.

"ಮುಗೀತು ಬಿಡ್ರೀ ಕೇಸು. ಎರಡೂ ಹೆಬ್ಬೆಟ್ಟು ಒಂದೇ. ಅಂದ್ರೆ ಆ ಅರ್ಧದ ಮಾಲೀಕರೂ ನೀವೇ, ಈ ಅರ್ಧದ ಮಾಲೀಕರೂ ನೀವೇ. ತನ್ನ ಸ್ವತ್ತನ್ನ ತಾನೇ ಒಡ್ಕೊಂಡ್ರೆ ಅಪರಾಧ ಇಲ್ಲ, ಊರಿಗೆಲ್ಲ ನೀವೇ ಹೇಳ್ತೀರಲ್ಲ. ಆರಾಮಾಗಿರಿ."

ಸೆಕ್ಷನ್ನಪ್ಪ ಆರಾಮಾಗಲಿಲ್ಲ. "ಸಾರ್, ಅದು ನಾನಲ್ಲ. ದಯವಿಟ್ಟು ಅದು ನಾನು ಅಂತ ಬರೀಬೇಡಿ. ಬೇಕಾದ್ರೆ ಆ ಅರ್ಧಾನೂ ನಾನೇ ಒಡೆದೆ ಅಂತ ಒಪ್ಕೋತೀನಿ. ಪರರ ಸ್ವತ್ತು ಅಂತ ಬರೀರಿ. ನನ್ನ ಮೇಲೆ ಕೇಸು ಹಾಕಿ."

"ನನ್ನ ಮೇಲೆ ಕೇಸು ಹಾಕಿ ಸಾರ್" ಎಂದಿತು ತೂತು.

"ಇವನೊಬ್ಬನನ್ನ ತಡ್ಕೊಳ್ಳೋದೇ ಕಷ್ಟ ಆಗಿತ್ತು" ಎಂದಳು ಅಜ್ಜಿ, ಕಾಲು ಉಜ್ಜಿಕೊಳ್ಳುತ್ತ.

"ದೂರು ಕೊಟ್ಟವನೂ ಅವನೇ, ಆರೋಪಿಯೂ ಅವನೇ. ಇದನ್ನ ನಾನು ಕೋರ್ಟಿಗೆ ತಗೊಂಡು ಹೋದ್ರೆ ನನ್ನನ್ನ ಆಸ್ಪತ್ರೆಗೆ ತಗೊಂಡು ಹೋಗ್ತಾರೆ" ಎಂದರು ಸಾಹೇಬರು. "ಸಂಜೆಯೊಳಗೆ ಇಬ್ಬರೂ ನಿಮ್ಮ ನಿಮ್ಮ ಅರ್ಧ ಮುಚ್ಚಿಬಿಡಿ. ಇದು ನನ್ನ ಆದೇಶ." ಹೇಳಿ ಹೊರಟವರು, ಪಕ್ಕದ ಮನೆಯ ಬಾಗಿಲು ದಾಟುವ ತನಕ ಆ ಕಡೆ ನೋಡಲಿಲ್ಲ.

ಜನ ಕರಗಿದರು. ಸೆಕ್ಷನ್ನಪ್ಪ ಸಿಮೆಂಟು ಕಲಸಿಕೊಂಡು ಬಂದು, ಕಣ್ಣನ್ನು ಆ ಕಡೆ ಹಾಯಿಸದೆ, ಕೆಳಗಿನ ಸಾಲಿಗೆ ಎರಡು ಇಟ್ಟಿಗೆ ಇಟ್ಟ. ಆಚೆ ಕಡೆ ಕರಣೆಯ ಸದ್ದೇ ಇರಲಿಲ್ಲ.

"ನಿಮ್ಮ ಅರ್ಧ ಶುರು ಮಾಡ್ಲಿಲ್ವಾ?" ಎಂದು ಕೇಳಿದ.

"ಇಲ್ಲ. ನೀವು ನಿಮ್ಮದು ಮುಚ್ಕೊಳ್ಳಿ, ನಿಮ್ಮ ಹಕ್ಕು. ನನ್ನದು ನಾನು ಮುಚ್ಚಲ್ಲ."

"ಆದೇಶ ಇದೆ."

"ಇದೆ."

ಸೆಕ್ಷನ್ನಪ್ಪ ಕರಣೆ ಹಿಡಿದುಕೊಂಡೇ ನಿಂತ. "ನೀವು ಗೋಡೆ ಒಡೆದದ್ದಾದ್ರೂ ಯಾಕೆ?"

ಆಚೆಯವನು ಕುರ್ಚಿಯನ್ನು ತೂತಿನ ಹತ್ತಿರಕ್ಕೆ ಎಳೆದುಕೊಂಡ. "ಮಿಷನ್ ಸದ್ದು ಕೇಳಿಸ್ತು. ಇಲ್ಲಿ ಆ ಸದ್ದು ನಿಂತು ಬಹಳ ದಿನ ಆಯ್ತು. ಕಾಯಿಲೆ ಅಂತ ಮಲಗಿದ ನನ್ನವಳು ಏಳಲೇ ಇಲ್ಲ. ಆಮೇಲೆ ಒಂದು ಮಧ್ಯಾಹ್ನ, ಯಾರೂ ಇಲ್ಲದ ಮನೆಯಲ್ಲಿ ಅವಳು ಹೊಲೀತಿದಾಳೆ. ನಿಂತುಬಿಟ್ರೆ ಅಂತ ಭಯ ಆಗಿ ಗೋಡೆ ತಟ್ಟುತ್ತಿದ್ದೆ. ತಟ್ಟಿದ್ರೆ ಮತ್ತೆ ಶುರುವಾಗ್ತಿತ್ತು."

ಸೆಕ್ಷನ್ನಪ್ಪನ ಎದೆಯಲ್ಲಿ ಎರಡು ದಿನದ ಹೆದರಿಕೆ ಹೋಗಿ ಅಲ್ಲಿ ದುಃಖ ತುಂಬಿತು. ತಿರುಗಿ ನೋಡಿದ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಗೋಡೆಯ ಹತ್ತಿರ ಬಂದು ಗಂಡನನ್ನು ಪಕ್ಕಕ್ಕೆ ಸರಿಸಿದಳು.

"ಊಟ ಆಯ್ತಾ?" ಎಂದು ಕೇಳಿದಳು ತೂತಿನೊಳಗೆ.

ಆ ಧ್ವನಿ, ಅಷ್ಟೇನೂ ಸ್ಪಷ್ಟವಿಲ್ಲದೆ, "ಒಬ್ಬನೇ ಅಲ್ವಾ, ಆಗುತ್ತೆ ಹೇಗೋ" ಎಂದಿತು.

ಅವಳು ಒಳಗೆ ಹೋಗಿ ಬಿಸಿ ಬಿಸಿ ಊಟ ಬಡಿಸಿಕೊಂಡು ಬಂದಳು. ತೂತಿಗೆ ಹಿಡಿದರೆ ತಟ್ಟೆ ಗಂಡ ಇಟ್ಟ ಇಟ್ಟಿಗೆಗೆ ತಾಗಿತು. ಅವಳು ಗಂಡನ ಮುಖ ನೋಡಿದಳು. ಹೊರಗೆ ಹೊತ್ತು ಇಳಿಯುತ್ತಿತ್ತು. ಜೀವಮಾನದಲ್ಲಿ ಒಂದು ಆದೇಶವನ್ನೂ ಮೀರದ ಸೆಕ್ಷನ್ನಪ್ಪ ಹಸಿ ಸಿಮೆಂಟಿನಿಂದ ಎರಡೂ ಇಟ್ಟಿಗೆ ಕಿತ್ತು ಕೆಳಗಿಟ್ಟ. ತಟ್ಟೆ ಮುಂದೆ ಹೋಗಿ ಈಗ ಆ ಕಡೆಯ ಅಂಚಿನಲ್ಲಿ ಚಾಚಿಕೊಂಡಿದ್ದ ಒರಟು ಇಟ್ಟಿಗೆಗೆ ಸಿಕ್ಕಿಕೊಂಡಿತು.

"ಇಕ್ಕಟ್ಟಾಗ್ತಿದೆ ಸ್ವಾಮಿ. ಉಳಿ ತಗೊಂಡು ಸ್ವಲ್ಪ ಒಡೀರಿ" ಎಂದ.

"ಒಡೀಬಹುದು. ಆದ್ರೆ ಏಟು ದಾರ ದಾಟಿ ನಿಮ್ಮ ಅರ್ಧಕ್ಕೂ ಬರುತ್ತೆ. ಅದು ಪರರ ಸ್ವತ್ತು."

ಸೆಕ್ಷನ್ನಪ್ಪ ಕಣ್ಣು ಒರೆಸಿಕೊಂಡ.

"ಬರ್ಲಿ ಬಿಡಿ. ಮಾಲೀಕನ ಒಪ್ಪಿಗೆ ಇದೆ."

ಆಚೆ ಕಡೆಯಿಂದ ಸುತ್ತಿಗೆಯ ಏಟು ಶುರುವಾಯಿತು. ಹೆಂಡತಿ ಊಟ ಆರದಿರಲೆಂದು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಹಿಡಿದುಕೊಂಡು ನಿಂತಳು.